ಚಳಿಗಾಲದ ಹಕ್ಕಿ ನೋಡಲು ಅಪ್ಪನನ್ನು ಎಲ್ಲಿಗೆ ಕರೆದುಕೊಂಡು ಹೋಗಲಿ?

ಪ್ರಶ್ನೆ, ಮೈಸೂರಿನಿಂದ:
ಅಪ್ಪ ಈ ವರ್ಷ ನಿವೃತ್ತರಾದರು. ಮಂಡಿನೋವು, ಜಾಸ್ತಿ ನಡೆಯಲು ಆಗುವುದಿಲ್ಲ. ಬೆಳಿಗ್ಗೆ ಹೊತ್ತು ಹೋಗದೆ ಚಡಪಡಿಸುತ್ತಾರೆ. ಚಳಿಗಾಲದಲ್ಲಿ ದೂರದ ಹಕ್ಕಿಗಳು ಬರುತ್ತವಲ್ಲ, ತೋರಿಸೋಣ ಅನ್ನಿಸಿದೆ. ಎಲ್ಲಿಂದ ಶುರು ಮಾಡಲಿ? ಬೈನಾಕ್ಯುಲರ್ ಬೇಕೇ ಬೇಕಾ?

ಮೈಸೂರಿನವರೇ ಒಬ್ಬರು:
ಮೊದಲು ಮನೆ ಸುತ್ತಮುತ್ತ ನೋಡಿಸಿ. ಮಳೆ ಮುಗಿಯುವ ಹೊತ್ತಿಗೆ ಬೂದು ಸಿಪಿಲೆ ಬಂದಿರುತ್ತದೆ. ಬೂದು ಬೆನ್ನು, ಹಳದಿ ಹೊಟ್ಟೆ, ಒಂದು ಗಳಿಗೆಯೂ ಸುಮ್ಮನಿರದ ಬಾಲ. ನೀರು ಹರಿಯುವ ಕಡೆ ಇರುತ್ತದೆ, ಕೆಲವೊಮ್ಮೆ ಟೆರೇಸ್ ಮೇಲೂ ಓಡಾಡುತ್ತದೆ. ಪೊದೆಯೊಳಗಿಂದ ಯಾರೋ ಲೊಚಗುಟ್ಟಿದ ಹಾಗೆ ‘ಚಕ್, ಚಕ್’ ಕೇಳಿದರೆ ಅದು ಉಲಿಯಕ್ಕಿ ಇರಬಹುದು. ಕಾಣುವುದು ಕಷ್ಟ, ಕೇಳುವುದು ಸುಲಭ. ಮಂಡಿನೋವಿನವರಿಗೆ ಹೇಳಿ ಮಾಡಿಸಿದ ಹಕ್ಕಿ!

ಇಂಥ ವಲಸೆ ಹಕ್ಕಿಗಳಲ್ಲಿ ಕೆಲವು ಪ್ರತಿ ಚಳಿಗಾಲ ಅದೇ ತೋಟಕ್ಕೆ ವಾಪಸ್ ಬರುತ್ತವೆ. ಕಾಲಿಗೆ ಉಂಗುರ ಹಾಕಿ ನೋಡಿದವರಿಗೆ ಇದು ಗೊತ್ತಾಗಿದೆ. ನನ್ನ ಮಟ್ಟಿಗೆ ದೊಡ್ಡ ಖುಷಿ ಇದೇ. ಮೊದಲ ಸಲ ಕಂಡ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಲು ಹೇಳಿ. ಮುಂದಿನ ವರ್ಷ ಅವರೇ ಕಾಯುತ್ತಾರೆ.

ಆಮೇಲೆ ಕುಕ್ಕರಹಳ್ಳಿ ಕೆರೆ. ಪೂರ್ತಿ ಸುತ್ತು ಹೊಡೆಯಬೇಕಾಗಿಲ್ಲ. ಬಿಸಿಲು ಬೆನ್ನಿಗೆ ಬೀಳುವಂಥ ಒಂದು ಬೆಂಚು ಹಿಡಿಯಿರಿ. ಹೆಜ್ಜಾರ್ಲೆಗಳು (ಪೆಲಿಕನ್) ನೀರಿಗಿಳಿಯುವುದನ್ನು ನೋಡುತ್ತಾ ಕೂರುವುದಕ್ಕೇ ಒಂದು ಬೆಳಿಗ್ಗೆ ಸಾಲದು.

ಗದಗ ಕಡೆಯವರು:
ನಮ್ಮ ಮಾಗಡಿ ಕೆರೆಗೂ ಒಮ್ಮೆ ಬರ್ರಿ. ಶಿರಹಟ್ಟಿ ಸಮೀಪ. 2024ರಲ್ಲಿ ಜಗತ್ತಿನ ಮುಖ್ಯ ಜೌಗು ತಾಣಗಳ ರಾಮ್ಸರ್ ಪಟ್ಟಿಗೆ ಸೇರಿತು. ನವೆಂಬರ್ ಹೊತ್ತಿಗೆ ಪಟ್ಟೆತಲೆ ಹೆಬ್ಬಾತುಗಳು ಬರಲು ಶುರು. ಬಿಳಿ ತಲೆ ಮೇಲೆ ಎರಡು ಕಪ್ಪು ಪಟ್ಟೆ, ಗುರುತು ಹಿಡಿಯಲು ಯಾರೂ ಹೇಳಿಕೊಡಬೇಕಾಗಿಲ್ಲ. ಮಂಗೋಲಿಯಾದಲ್ಲಿ ಕೊರಳಿಗೆ ನಂಬರ್ ಪಟ್ಟಿ ಹಾಕಿ ಬಿಟ್ಟ ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. ಹಿಮಾಲಯ ದಾಟಿ ಬಂದವು ಇಲ್ಲಿ ಹೊಲದಲ್ಲಿ ಮೇಯುತ್ತವೆ, ಹಗಲು ಕೆರೆಯಲ್ಲಿ ತೂಕಡಿಸುತ್ತವೆ! ಹೊಲದಿಂದ ಸಾಲುಸಾಲಾಗಿ ಕೂಗುತ್ತಾ ಕೆರೆಗೆ ಇಳಿಯುವುದನ್ನು ನೋಡಬೇಕೆಂದರೆ ನಸುಕಿಗೇ ಬಂದಿರಬೇಕು. ಹೊಲದ ಬೆಳೆ ತುಳಿಯಬೇಡಿ, ಅದು ನಮ್ಮ ರೈತರ ದುಡಿಮೆ.

ಅಷ್ಟು ದೂರ ಆಗದಿದ್ದರೆ ನಿಮಗೆ ನಂಜನಗೂಡು ತಾಲ್ಲೂಕಿನ ಹದಿನಾರು ಎಂಬ ಊರಿನ ಕೆರೆ ಇದೆಯಲ್ಲ, ಅಲ್ಲಿಗೂ ಇವೇ ಬಾತುಗಳು ಬರುತ್ತವೆ.

ಬೆಂಗಳೂರಿನವರು:
ಬೈನಾಕ್ಯುಲರ್ ಆಮೇಲೆ ಕೊಂಡರಾಯಿತು. ಅಪ್ಪನಿಗೆ ರುಚಿ ಹತ್ತಿದ ಮೇಲೆ 8x42 ತೆಗೆದುಕೊಳ್ಳಿ, ಅಂದರೆ ಎಂಟು ಪಟ್ಟು ದೊಡ್ಡದಾಗಿ ತೋರಿಸುವ, ಮುಂದಿನ ಗಾಜು 42 ಮಿ.ಮೀ. ಅಗಲ ಇರುವಂಥದ್ದು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವುದು ಬೇಡ, ಕೈ ನಡುಕವೂ ಅಷ್ಟೇ ದೊಡ್ಡದಾಗಿ ಕಾಣುತ್ತದೆ. ಅಂಗಡಿಯಲ್ಲಿ ಅವರೇ ಕನ್ನಡಕ ಹಾಕಿಕೊಂಡು ನೋಡಲಿ. ದಯವಿಟ್ಟು ಕ್ಯಾಮೆರಾ ಕೊಡಿಸಬೇಡಿ. ಫೋಟೋ ಸರಿ ಬರಲಿಲ್ಲ ಅನ್ನುವ ಚಿಂತೆಯಲ್ಲೇ ಹಕ್ಕಿ ಹಾರಿಹೋಗಿರುತ್ತದೆ.

ಕೂಗು ಕೇಳಿ ಹೆಸರು ಹೇಳುವ ಮರ್ಲಿನ್ ಆ್ಯಪ್ ಪುಕ್ಕಟೆ ಸಿಗುತ್ತದೆ. ಅದು ಹೇಳಿದ್ದೆಲ್ಲ ನಿಜ ಅಂತ ಬರೆದಿಡಬೇಡಿ, ಕಣ್ಣಾರೆ ಕಂಡರೆ ಮಾತ್ರ ಲೆಕ್ಕ. ಮೊಬೈಲಿನಲ್ಲಿ ಕೂಗು ಹಾಕಿ ಹಕ್ಕಿಯನ್ನು ಹೊರಗೆ ಎಳೆಯುವವರೂ ಇದ್ದಾರೆ. ಅದು ಬೇಡ, ಹಕ್ಕಿಗೆ ಸುಮ್ನೆ ಗಾಬರಿ.

ಫೆಬ್ರುವರಿಯಲ್ಲಿ ನಾಲ್ಕು ದಿನ ‘ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್’ ನಡೆಯುತ್ತದೆ. ಹದಿನೈದು ನಿಮಿಷ ಕೂತು ಕಂಡದ್ದನ್ನು ಎಣಿಸಿ, ಹಕ್ಕಿ ಲೆಕ್ಕ ದಾಖಲಿಸುವ ಇ-ಬರ್ಡ್ ಆ್ಯಪ್‌ಗೆ ಹಾಕಿದರೆ ಸಾಕು. ಮನೆ ಅಂಗಳದಿಂದಲೇ ಎಣಿಸಬಹುದು. ಎಣಿಸುವುದು ಅಪ್ಪ ಮಾಡಲಿ, ಮೊಬೈಲ್ ಒತ್ತುವ ಕೆಲಸ ನಿಮ್ಮದು.