ಥಪ್ಪಡ್ ಹಾಕಿದೆ, ಎಲ್ಲರೂ ನಕ್ಕರು. ಈಗೇನು ಮಾಡಲಿ?

ಲೆಕ್ಕದಕ್ಕ (ಪ್ರಶ್ನೆ):

ಶಿರಾ ಕಡೆಯ ಒಂದು ಪಂಚಾಯ್ತಿಯಲ್ಲಿ ನಾನು ಎಂಬಿಕೆ, ಅಂದರೆ ಸ್ವಸಹಾಯ ಸಂಘಗಳ ಪುಸ್ತಕ ಬರೆಯುವವಳು. ನವೆಂಬರ್ 25 ಮಹಿಳೆಯರ ಮೇಲಿನ ದೌರ್ಜನ್ಯ ತಡೆ ದಿನ, ಏನಾದರೂ ಮಾಡಿ ಅಂತ ಮೇಲಿನಿಂದ ಹೇಳಿದರು. ಪ್ರತಿ ವರ್ಷ ಅದೇ ಭಾಷಣ, ಪ್ರತಿಜ್ಞೆ, ಖಾರಾ ಬೂಂದಿ, ಗ್ರೂಪ್ ಫೋಟೋ. ಈ ಸಲ ಸಿನಿಮಾ ಹಾಕೋಣ ಅನ್ನಿಸಿತು. ಶಾಲೆಯ ಪ್ರೊಜೆಕ್ಟರ್ ತಂದೆ. ಸಮುದಾಯ ಭವನದ ಗೋಡೆಗೆ ನಮ್ಮ ಯಜಮಾನರ ಬಿಳಿ ಪಂಚೆ ಕಟ್ಟಿದೆ.

ಹಾಕಿದ್ದು 2020ರ ಹಿಂದಿ ಸಿನಿಮಾ ‘ಥಪ್ಪಡ್’. ಮನೆಯ ಪಾರ್ಟಿಯಲ್ಲಿ, ಎಲ್ಲರ ಎದುರು, ಗಂಡ ಹೆಂಡತಿಯ ಕೆನ್ನೆಗೆ ಬಾರಿಸುತ್ತಾನೆ. ಒಂದೇ ಒಂದು ಏಟು. ಅವಳು ಅಷ್ಟಕ್ಕೇ ಡೈವೋರ್ಸ್ ಕೇಳುತ್ತಾಳೆ. ಹಿಂದಿ ಬಾರದವರೇ ಜಾಸ್ತಿ, ಎರಡು ಗಂಟೆಗೂ ಮೀರಿ ನಾನೇ ನಿಂತು ಕನ್ನಡದಲ್ಲಿ ಹೇಳಿದೆ.

ಲೈಟ್ ಹಾಕಿ ‘ಏನನ್ನಿಸಿತು?’ ಅಂದೆ. ಯಾರೂ ತುಟಿ ಬಿಚ್ಚಲಿಲ್ಲ. ‘ನಿಮ್ಮನೇಲೂ ಹೀಗೆ ಆಗಿದೆಯಾ?’ ಅಂದೆ. ಎಲ್ಲರೂ ಸೆರಗು ಸರಿಮಾಡಿಕೊಂಡರು. ಕೊನೆಗೆ ಒಬ್ಬ ಅಜ್ಜಿ, ‘ಅಲ್ಲ ಕಣಮ್ಮಿ, ಒಂದು ಏಟಿಗೆ ಇಷ್ಟುದ್ದ ಸಿನಿಮಾ ಮಾಡವ್ರಾ?’ ಅಂದರು. ಭವನಕ್ಕೆ ಭವನವೇ ನಕ್ಕಿತು. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ.

ರಾತ್ರಿ ನಿದ್ದೆ ಬರಲಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದಲ್ಲಿ ಮದುವೆಯಾದ ಹೆಂಗಸರಲ್ಲಿ 100ಕ್ಕೆ 44 ಮಂದಿ ಗಂಡನ ಹಿಂಸೆ ಕಂಡವರು. ಬಂದಿದ್ದವರು 34. ಲೆಕ್ಕದವಳಲ್ವಾ, ಗುಣಿಸಿದೆ. 15 ಜನ. ಅವರಲ್ಲಿ ಕೆಲವರು ಯಾರು ಅಂತ ನನಗೆ ಗೊತ್ತು. ಕಂತು ತಪ್ಪಿದ ತಿಂಗಳು ‘ಯಾಕಕ್ಕ ಕಟ್ಟಿಲ್ಲ’ ಅಂತ ಮೆತ್ತಗೆ ಕೇಳಿದರೆ ಎಲ್ಲ ಹೊರಗೆ ಬರುತ್ತದೆ. ನನ್ನೊಬ್ಬಳ ಹತ್ತಿರ ಹೇಳುವವರು ಸಭೆಯಲ್ಲಿ ಯಾಕೆ ಹೇಳುವುದಿಲ್ಲ? ಸಿನಿಮಾ ಬದಲಾಯಿಸಬೇಕಾ?

ಹುಳಿಸಾರು:

ಬದಲಾಯಿಸಿ. ದೆಹಲಿಯ ದೊಡ್ಡ ಮನೆ, ಲಂಡನ್ ಕೆಲಸದ ಮಾತು. ಅದು ‘ಅವರ’ ಕಥೆ ಅಂತ ಪಕ್ಕಕ್ಕಿಡುತ್ತಾರೆ. ಕನ್ನಡದ್ದು ಹಾಕಿ. ಯಾವುದು ಅಂತ ಮಾತ್ರ ಕೇಳಬೇಡಿ. ನಮ್ಮಲ್ಲಿ ಹೀರೋ ಕೆನ್ನೆಗೆ ಹೊಡೆದ ಮೇಲೇ ಹೀರೋಯಿನ್‌ಗೆ ಪ್ರೀತಿ ಹುಟ್ಟುವುದು! ಅದನ್ನೇ ಹಾಕಿ ಮಾತಾಡಿಸಬಹುದೇನೋ.

ಹಳೇ ಸಾಂತ್ವನ:

ಅಕ್ಕ, ಸಿನಿಮಾ ಸರಿಯಾಗಿಯೇ ಇದೆ, ಪ್ರಶ್ನೆ ತಪ್ಪಿದೆ. ‘ನಿಮ್ಮನೇಲಿ’ ಅಂತ ಸಭೆಯಲ್ಲಿ ಕೇಳಬಾರದು. ನೊಂದ ಹೆಂಗಸರಿಗೆ ನೆರವಾಗುವ ಸಾಂತ್ವನ ಕೇಂದ್ರದಲ್ಲಿ ನಾನು ಇದ್ದಾಗ ಇದೇ ತಪ್ಪು ಮಾಡಿದ್ದೆ. ಒಬ್ಬಳು ಧೈರ್ಯ ಮಾಡಿ ಹೇಳಿದಳು. ಅವಳು ಮನೆ ಸೇರುವ ಮೊದಲೇ ಮಾತು ಮನೆ ಸೇರಿತ್ತು. ಆ ರಾತ್ರಿ ಬಿದ್ದ ಹೊಡೆತದಲ್ಲಿ ನನ್ನ ಪಾಲೂ ಇದೆ.

ಪೂರ್ತಿ ಸಿನಿಮಾ ಬೇಡ. ಪಾರ್ಟಿಯ ಭಾಗ ಮಾತ್ರ ಹಾಕಿ, ಏಟು ಬಿದ್ದ ಕೂಡಲೇ ನಿಲ್ಲಿಸಿ. ಅವಳ ಬಗ್ಗೆ ಕೇಳಬೇಡಿ, ಸುತ್ತ ನಿಂತವರ ಬಗ್ಗೆ ಕೇಳಿ. ಆಮೇಲೆ ಆ ಮನೆಯ ಕೆಲಸದವಳ ಭಾಗ ಹಾಕಿ. ಅವಳಿಗೂ ಗಂಡನ ಹೊಡೆತ ಇದೆ. ಅಲ್ಲಿಗೆ ‘ಅವರ ಕಥೆ’ ಅನ್ನುವುದು ನಿಲ್ಲುತ್ತದೆ.

ಹೊಡೆದರೆ ಮಾತ್ರ ಹಿಂಸೆ ಅಲ್ಲ ಅಂತಲೂ ಹೇಳಿ. 2005ರ ಕೌಟುಂಬಿಕ ಹಿಂಸೆ ಕಾಯ್ದೆಯಲ್ಲಿ ಬೈಗುಳ ಇದೆ, ದುಡ್ಡು ಕಿತ್ತುಕೊಳ್ಳುವುದೂ ಇದೆ. ನಿಮ್ಮ ತಪ್ಪಿದ ಕಂತುಗಳು ಅದರೊಳಗೇ ಬರುತ್ತವೆ. ನಮ್ಮಲ್ಲಿ ತಾಲ್ಲೂಕಿನ ಸಿಡಿಪಿಒ, ಅಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅವರೇ ಈ ಕಾಯ್ದೆಯ ರಕ್ಷಣಾಧಿಕಾರಿ. ಮಹಿಳಾ ಸಹಾಯವಾಣಿ 181. ಇದನ್ನು ಸಿನಿಮಾಗೆ ಮೊದಲೇ ಹೇಳಿಬಿಡಿ. ಕೊನೆಗೆ ಹೇಳಿದರೆ ಎಲ್ಲರೂ ಚಪ್ಪಲಿ ಹುಡುಕುತ್ತಿರುತ್ತಾರೆ.

ಚಿಕ್ಕದು ಬೇಕಿದ್ದರೆ 2008ರ ‘ಬೆಲ್ ಬಜಾವೋ’ ಜಾಹೀರಾತು ನೋಡಿ. ಪಕ್ಕದ ಮನೆಯಲ್ಲಿ ಹೊಡೆಯುವ ಸದ್ದು ಕೇಳಿದವನು ಸುಮ್ನೆ ಹೋಗಿ ಬೆಲ್ ಒತ್ತುತ್ತಾನೆ, ಏನೋ ಒಂದು ನೆಪ ಹೇಳುತ್ತಾನೆ. ಅಷ್ಟೇ.

ಟ್ರ್ಯಾಕ್ಟರ್ ಮೇಷ್ಟ್ರು:

ಕೈ ಎತ್ತುವವರು ಗಂಡಸರು, ಸಿನಿಮಾ ಮಾತ್ರ ಹೆಂಗಸರಿಗೆ. ಡೈರಿ ಹತ್ತಿರ ಸಂಜೆ ನಮಗೂ ಒಂದು ಸಲ ಹಾಕಿ ನೋಡಿ.

ಹಳೇ ಸಾಂತ್ವನ:

ಹಾಕಬೇಕು ಮೇಷ್ಟ್ರೇ. ಆದರೆ ಬೇರೆ ದಿನ, ಬೇರೆ ಜಾಗ. ಕರೆಯುವ ಕೆಲಸ ನಿಮ್ಮದು.

ಲೆಕ್ಕದಕ್ಕ:

ನಿನ್ನೆ ಒಂದೇ ಸಂಘಕ್ಕೆ ಹಾಕಿದೆ, 11 ಜನ. ಅಜ್ಜಿಯೂ ಇದ್ದರು. ಏಟು ಬಿದ್ದಾಗ ನಿಲ್ಲಿಸಿ, ‘ನೀವು ಆ ಪಾರ್ಟಿಗೆ ಹೋಗಿದ್ದರೆ ಆಗ ಎಲ್ಲಿರುತ್ತಿದ್ದಿರಿ?’ ಅಂದೆ. ಒಬ್ಬರು ‘ಎಲೆ ಎಣಿಸೋ ನೆಪದಲ್ಲಿ ಒಳಗೆ ಹೋಗ್ತಿದ್ದೆ’ ಅಂದರು. ಇನ್ನೊಬ್ಬರು, ‘ಮಕ್ಕಳನ್ನ ಆಚೆ ಕರಕೊಂಡು ಹೋಗ್ತಿದ್ದೆ’ ಅಂದು, ಸ್ವಲ್ಪ ತಡೆದು, ‘ಹೋಗಿದ್ದೀನಿ’ ಅಂದರು. ನಾನು ಏನೂ ಕೇಳಲಿಲ್ಲ. ಪಕ್ಕದವರು ಅವರ ಕೈ ಹಿಡಿದುಕೊಂಡರು.

ಆಮೇಲೆ ಬೆಲ್ ಜಾಹೀರಾತು. ಒಂದು ಗಂಟೆ ಜಗಳವೇ ಆಯಿತು. ನಮ್ಮ ಮನೆಗಳಿಗೆ ಬೆಲ್ ಎಲ್ಲಿದೆ? ಹೆಪ್ಪಿಗೆ ಮೊಸರು ಕೇಳುವ ನೆಪದಲ್ಲಿ ಬಾಗಿಲು ಬಡಿಯೋಣ ಅಂತ ಒಬ್ಬರು. ದೀಪ ಹಚ್ಚಿದ ಮೇಲೆ ಯಾರು ಹೆಪ್ಪು ಕೊಡುತ್ತಾರೆ ಅಂತ ಇನ್ನೊಬ್ಬರು. ಆಗ ಅದೇ ಅಜ್ಜಿ ಅಂದರು: ‘ಕೊಡದಿದ್ರೆ ಒಳ್ಳೇದೇ ಆಯ್ತು ಬಿಡ್ರೇ. ಕೊಡಲ್ಲ ಅಂತ ಅವ್ರು, ಕೊಡಿ ಅಂತ ನಾವು. ಅಷ್ಟು ಹೊತ್ತೂ ಬಾಗ್ಲು ತೆಗ್ದೇ ಇರ್ತದಲ್ಲ?’