ಮನೆಯ ಗದ್ದೆಯಲ್ಲಿ ಹರಕೆ ಆಟ: ಜಾಗ ಹೇಗೆ ಹೊಂದಿಸುವುದು?

ಪ್ರಶ್ನೆ: ಹರಕೆ ತೀರಿಸಲು ಕಟೀಲು ಮೇಳದ (ತಂಡದ) ಯಕ್ಷಗಾನ ಆಟ ಆಡಿಸುತ್ತಿದ್ದೇವೆ, ಪ್ರಸಂಗ (ಕಥೆ) ದೇವಿ ಮಹಾತ್ಮೆ. ಪೂಜೆಗೂ ಆಟಕ್ಕೂ ಏನೇನು ತಯಾರಿ ಬೇಕು?

ಉತ್ತರ 1: ಮೊದಲು ಚೌಕಿಗೆ ಜಾಗ ನೋಡಿ. ಕಲಾವಿದರು ಬಣ್ಣ ಹಚ್ಚುವುದೂ ಅಲ್ಲೇ, ಮೇಳದ ದೇವರನ್ನಿಟ್ಟು ಪೂಜಿಸುವುದೂ ಅಲ್ಲೇ. ಚಪ್ಪಲಿ ಹೊರಗೆ ಬಿಡಿಸಿ. ಹೂವು, ಹಣ್ಣು, ಕಾಯಿಯ ಲೆಕ್ಕ ಮೇಳದವರನ್ನೇ ಕೇಳಿ.

ಉತ್ತರ 2: ಮಹಿಷಾಸುರ ಸಭೆಯ ಹಿಂದಿನಿಂದ ದೊಂದಿಯ (ಪಂಜಿನ) ಬೆಳಕಲ್ಲಿ ಬರುತ್ತಾನೆ. ರಾಳದ ಪುಡಿ ಎರಚಿದಾಗ ಬೆಂಕಿ ಭಗ್ಗನೆ ಮೇಲೇಳುತ್ತದೆ. ಆ ದಾರಿಯ ಮೇಲೆ ಶಾಮಿಯಾನ, ತೆಂಗಿನ ಒಣ ಮಡಲು, ವಯರು ಯಾವುದೂ ಬೇಡ. ಕುರ್ಚಿಗಳ ನಡುವೆ ಹತ್ತಡಿಯಾದರೂ ಬಿಡಿ, ಬದಿಯಲ್ಲಿ ನೀರು ತುಂಬಿಸಿಡಿ.

ಉತ್ತರ 3: ಊಟದ ಚಪ್ಪರ ರಂಗಸ್ಥಳದಿಂದ ದೂರವಿರಲಿ. ಹರಕೆ ಸಂದಿತು ಎಂದು ಉಂಡು ಹೊರಡುವುದು ನನಗೆ ಸರಿಕಾಣದು. ಭಾಗವತರು ಹಾಡುವ ಪದ ಕೂತು ಕೇಳುವುದೂ ಸೇವೆಯೇ. ಪಾತ್ರೆಗಳ ಸದ್ದಿನಲ್ಲಿ ಅದು ಮುಳುಗಬಾರದು.