ಗ್ರಿಡ್ ಸಣ್ಣ ಮಾಡಿದಷ್ಟೂ ಉತ್ತರ ಸರಿಯಾಗ್ಬೇಕಲ್ವಾ? ನಂದು ಯಾಕೆ ಸಿಡಿದು ಹೋಗ್ತಿದೆ

ಬೆಣ್ಣೆದೋಸೆ_ಮೆಕ್:
ಎಲ್ರಿಗೂ ನಮಸ್ಕಾರ. ಮೆಕ್ಯಾನಿಕಲ್ 6ನೇ ಸೆಮ್, ಮಿನಿ ಪ್ರಾಜೆಕ್ಟ್‌ಗೆ ಅಲ್ಯೂಮಿನಿಯಂ ರಾಡ್‌ನಲ್ಲಿ ಶಾಖ ಹೆಂಗೆ ಹರಿಯುತ್ತೆ ಅಂತ ಪೈಥಾನ್‌ನಲ್ಲಿ ಬರೀತಿದೀನಿ. ರಾಡ್ ಅರ್ಧ ಮೀಟರ್, ಮೊದಲು ಪೂರ್ತಿ 30 ಡಿಗ್ರಿ, ಎಡಗಡೆ ತುದಿನ ಒಮ್ಮೆಲೇ 100ಕ್ಕೆ ಏರಿಸಿ ಅಲ್ಲೇ ಹಿಡಿದಿಡೋದು, ಬಲಗಡೆದು 30ರಲ್ಲೇ ಇರುತ್ತೆ. ಆಲ್ಫಾ (ಶಾಖ ಎಷ್ಟು ಬೇಗ ಹರಡುತ್ತೆ ಅನ್ನೋ ಸಂಖ್ಯೆ) 9.7 × 10⁻⁵, ಎಸ್‌ಐ ಯೂನಿಟ್‌ನಲ್ಲಿ. ಮೆಥಡ್ ಮಾಮೂಲಿ ಎಕ್ಸ್‌ಪ್ಲಿಸಿಟ್ ಫೈನೈಟ್ ಡಿಫರೆನ್ಸ್, ಅಂದ್ರೆ ರಾಡ್‌ನ ಬಿಂದುಗಳಾಗಿ ಒಡೆದು ಪ್ರತಿ ಬಿಂದುವಿನ ಹೊಸ ಬೆಲೆನ ಹಳೇ ಬೆಲೆಗಳಿಂದ ನೇರವಾಗಿ ಲೆಕ್ಕ ಹಾಕೋದು. 50 ಭಾಗ ಮಾಡಿ ಡಿಟಿ (ಒಂದು ಸ್ಟೆಪ್‌ನ ಸಮಯ) 0.5 ಸೆಕೆಂಡ್ ಇಟ್ಟಾಗ ನುಣ್ಣಗೆ ಗ್ರಾಫ್ ಬಂತು. ಗೈಡ್ ನೋಡಿ "ಗ್ರಿಡ್ ಇನ್ನೂ ಫೈನ್ ಮಾಡಪ್ಪ" ಅಂದ್ರು, 100 ಭಾಗ ಮಾಡ್ದೆ ಅಷ್ಟೇ, ಬೇರೆ ಒಂದಕ್ಷರ ಮುಟ್ಟಿಲ್ಲ, ಈಗ ಗ್ರಾಫ್ ಗರಗಸದ ಹಲ್ಲು ಥರ ಮೇಲೆ ಕೆಳಗೆ ಕುಣಿಯುತ್ತೆ, ಸ್ವಲ್ಪ ಹೊತ್ತಿಗೆ ಎಲ್ಲಾ ಕಡೆ ನ್ಯಾನ್ (ಸಂಖ್ಯೆಯೇ ಅಲ್ಲ ಅಂತ ಕಂಪ್ಯೂಟರ್ ಕೊಡೋ ಗುರುತು). ಎರಡು ರಾತ್ರಿ ಬಗ್ ಹುಡುಕಿದೀನಿ, ಸಿಕ್ಕಿಲ್ಲ. ಶುಕ್ರವಾರ ರಿವ್ಯೂ ಇದೆ, ಯಾರಾದ್ರೂ ಹೇಳ್ರಪ್ಪಾ.

ಹಳೇ_ಫೋರ್ಟ್ರಾನ್:
ಬಗ್ ಇಲ್ಲ ತಮ್ಮಾ, ಅದಕ್ಕೇ ಸಿಕ್ಕಿಲ್ಲ. ಆರ್ = ಆಲ್ಫಾ × ಡಿಟಿ / ಡಿಎಕ್ಸ್² (ಡಿಎಕ್ಸ್ ಅಂದ್ರೆ ಒಂದು ಭಾಗದ ಉದ್ದ), ಇದನ್ನ ಲೆಕ್ಕ ಹಾಕಿ ನೋಡು. 50 ಭಾಗಕ್ಕೆ 0.485. 100 ಭಾಗಕ್ಕೆ ಡಿಎಕ್ಸ್ ಅರ್ಧ, ಅದರ ವರ್ಗ ಕಾಲು ಭಾಗ, ಹಂಗಾಗಿ ಆರ್ ನಾಲ್ಕು ಪಟ್ಟು, 1.94. ಎಕ್ಸ್‌ಪ್ಲಿಸಿಟ್ ಮೆಥಡ್‌ಗೆ ಆರ್ 0.5 ದಾಟಬಾರದು. ನೀನು ಮೊದಲನೇ ಸಲ ಗಡಿ ಹತ್ರನೇ ನಿಂತಿದ್ದೆ, ಪುಣ್ಯಕ್ಕೆ ಈ ಕಡೆ ಇದ್ದೆ.

ಪೆನ್ನು ಪೇಪರ್ ತಗೊಂಡು ಬರೀ ತುದಿ ಪಕ್ಕದ ಬಿಂದು ಒಂದನ್ನೇ ನೋಡು. ಹೊಸ ಬೆಲೆ = ಆರ್ × (ಎಡದವನು + ಬಲದವನು) + (1 − 2ಆರ್) × ತನ್ನ ಹಳೇ ಬೆಲೆ. ಆರ್ 1.94 ಹಾಕಿದ್ರೆ ಮೊದಲ ಸ್ಟೆಪ್‌ಗೆ 1.94 × 130 − 2.88 × 30, ಅಂದ್ರೆ 165.8. ಇಡೀ ರಾಡ್‌ನಲ್ಲಿ ಅತಿ ಬಿಸಿ ಇರೋದೇ 100, ಇವನಿಗೆ 165 ಎಲ್ಲಿಂದ ಬಂತು? ಎರಡನೇ ಸ್ಟೆಪ್‌ಗೆ −225. ಮೂರನೇದಕ್ಕೆ 1412, ಅಲ್ಯೂಮಿನಿಯಂ 660ಕ್ಕೇ ಕರಗಿಹೋಗುತ್ತೆ 😄

ಆ ಮೈನಸ್ 2.88 ಇದೆಯಲ್ಲ, ರೋಗದ ಮೂಲ ಅದೇ. ಒಂದು ಸ್ಟೆಪ್‌ನಲ್ಲಿ ಆ ಬಿಂದು ತನ್ನ ಕೈಲಿರೋದಕ್ಕಿಂತ 3.88 ಪಟ್ಟು ಅಕ್ಕಪಕ್ಕದವರಿಗೆ ಹಂಚಿಬಿಡುತ್ತೆ, ಮುಂದಿನ ಸ್ಟೆಪ್‌ನಲ್ಲಿ ಸಾಲ ತೀರಿಸೋಕೆ ಅಷ್ಟೇ ಜೋರಾಗಿ ಕಿತ್ಕೊಳ್ಳುತ್ತೆ. ಗರಗಸದ ಆಕಾರದ ಎರರ್ ಪ್ರತಿ ಸ್ಟೆಪ್‌ಗೆ (1 − 4ಆರ್) ಪಟ್ಟು, ಅಂದ್ರೆ 6.76 ಪಟ್ಟು ಬೆಳೆದು ಚಿಹ್ನೆ ಬದಲಾಗುತ್ತೆ. ಫ್ಲೋಟ್‌ಗೆ (ಪೈಥಾನ್‌ನ ದಶಮಾಂಶ ಸಂಖ್ಯೆಗೆ) 10ರ ಘಾತ 308ರ ತನಕ ಜಾಗ, ಸೋ 370 ಸ್ಟೆಪ್ ಹತ್ತಿರ ನಿಂಗೆ ನ್ಯಾನ್ ಬಂದಿರ್ಬೇಕು, ನೋಡಿ ಹೇಳು.

ಕಡ್ಲಬದಿಯವ:
ಇದು ಸಿಎಫ್‌ಎಲ್ ಕಂಡೀಶನ್ (ಡಿಟಿ ಎಷ್ಟು ದೊಡ್ಡದಿರ್ಬಹುದು ಅನ್ನೋ ಮಿತಿ) ಅಲ್ವಾ ಮಾರಾಯ್ರೆ, ಇಷ್ಟಕ್ಕೆ ಇಷ್ಟುದ್ದ ಯಾಕೆ? ಕ್ರ್ಯಾಂಕ್ ನಿಕಲ್ಸನ್ ಹಾಕಿ, ಅದು ಇಂಪ್ಲಿಸಿಟ್, ಅಂದ್ರೆ ಪ್ರತಿ ಸ್ಟೆಪ್‌ನಲ್ಲಿ ಎಲ್ಲಾ ಬಿಂದುಗಳ ಹೊಸ ಬೆಲೆನ ಒಟ್ಟಿಗೇ ಬಿಡಿಸೋ ಮೆಥಡ್, ಡಿಟಿ ಎಷ್ಟು ಬೇಕಾದ್ರೂ ಇಡಿ, ಸಿಡಿಯೋ ಮಾತೇ ಇಲ್ಲ.

ಟ್ರೈಡಯಾಗನಲ್_ಅಕ್ಕ:
ಎರಡು ವಿಷಯ ಸ್ವಲ್ಪ ಬೆರೆತುಹೋಗಿದೆ. 1928ರಲ್ಲಿ ಕೂರಂಟ್, ಫ್ರೀಡ್ರಿಕ್ಸ್, ಲೆವಿ ಬರೆದ ಆ ಕಂಡೀಶನ್ ಅಂತ ನಾವು ಕರೆಯೋದು ಅಲೆಯ ಸಮೀಕರಣಕ್ಕೆ, ಅಲ್ಲಿ ಡಿಎಕ್ಸ್ ಅರ್ಧ ಮಾಡಿದ್ರೆ ಡಿಟಿ ಅರ್ಧ ಮಾಡಿದ್ರೆ ಸಾಕು. ಶಾಖದಲ್ಲಿ ವರ್ಗ ಬರುತ್ತೆ, ಡಿಟಿ ಕಾಲು ಭಾಗ ಆಗ್ಬೇಕು, ಬಿಂದು ಬೇರೆ ಡಬಲ್, ಒಟ್ಟು ಕೆಲಸ 8 ಪಟ್ಟು.

ಇನ್ನು ಕ್ರ್ಯಾಂಕ್ ನಿಕಲ್ಸನ್, 1947ರದ್ದು, ಒಳ್ಳೇ ಮೆಥಡ್ಡೇ, ಸಿಡಿಯಲ್ಲ ಅನ್ನೋದೂ ನಿಜ. ಆದ್ರೆ ಸಿಡಿಯದೇ ಇರೋದು ಬೇರೆ, ಉತ್ತರ ಸರಿ ಇರೋದು ಬೇರೆ. ಈ ತಮ್ಮನ ರಾಡ್‌ನಲ್ಲಿ ತುದಿ ಒಮ್ಮೆಲೇ 30ರಿಂದ 100ಕ್ಕೆ ಹಾರುತ್ತೆ. ಡಿಟಿ 5 ಸೆಕೆಂಡ್ ಇಟ್ರೆ ಆರ್ 19.4, ಆಗ ಗರಗಸದ ಎರರ್ ಪ್ರತಿ ಸ್ಟೆಪ್‌ಗೆ −0.95 ಪಟ್ಟು. ಬೆಳೆಯಲ್ಲ, ಆದ್ರೆ ಸಾಯೋದೂ ಇಲ್ಲ, ಹಠ ಹಿಡಿದ ಮಗು ಥರ ಬಹಳ ಹೊತ್ತು ತುದಿ ಹತ್ರ ಗ್ರಾಫ್ ನಡುಗ್ತಾ ಇರುತ್ತೆ. ಮೊದಲ ನಾಲ್ಕೈದು ಸ್ಟೆಪ್ ಬ್ಯಾಕ್‌ವರ್ಡ್ ಆಯ್ಲರ್‌ನಲ್ಲಿ (ಇನ್ನೊಂದು ಇಂಪ್ಲಿಸಿಟ್ ಮೆಥಡ್) ನಡೆಸಿ ಆಮೇಲೆ ಕ್ರ್ಯಾಂಕ್ ನಿಕಲ್ಸನ್‌ಗೆ ಹೋಗಿ, ನಡುಕ ಹೋಗುತ್ತೆ. ದಯವಿಟ್ಟು 99 × 99 ಮ್ಯಾಟ್ರಿಕ್ಸ್‌ನ ಇನ್ವರ್ಸ್ ಮಾತ್ರ ತೆಗೀಬೇಡಿ, ಮೂರೇ ಕರ್ಣ ಇರೋದು, ಅಂಥದ್ದನ್ನ ನೇರವಾಗಿ ಬಿಡಿಸೋ ಥಾಮಸ್ ಅಲ್ಗಾರಿದಮ್ ಹತ್ತು ಲೈನ್.

ಕಡ್ಲಬದಿಯವ:
ಓ ಈ ನಡುಕ ನಂಗೂ ಬಂದಿತ್ತು ಅಕ್ಕ, ಪ್ಲಾಟಿಂಗ್ ಪ್ರಾಬ್ಲಮ್ ಅಂತ ಸ್ಮೂದ್ ಮಾಡಿ ರಿಪೋರ್ಟ್‌ಗೆ ಹಾಕಿದ್ದೆ 🙈

ಹಳೇ_ಫೋರ್ಟ್ರಾನ್:
ಶುಕ್ರವಾರದ ರಿವ್ಯೂಗೆ ಇದೆಲ್ಲ ಬೇಡ, ನನ್ನ ಮಾತು ಕೇಳು. ಡಿಟಿ 0.125 ಇಡು, ಆರ್ ವಾಪಸ್ 0.485. 20 ನಿಮಿಷದ ಲೆಕ್ಕಕ್ಕೆ 9600 ಸ್ಟೆಪ್, ನಂಪೈ ಸ್ಲೈಸ್ ಹಾಕಿದ್ರೆ (ಬಿಂದು ಒಂದೊಂದಾಗಿ ಅಲ್ಲ, ಎಲ್ಲಾ ಒಟ್ಟಿಗೇ ಲೆಕ್ಕ ಮಾಡಿದ್ರೆ) ಕಣ್ಣು ಮಿಟುಕಿಸೋದ್ರೊಳಗೆ ಮುಗಿಯುತ್ತೆ. ಇಂಪ್ಲಿಸಿಟ್ ಬೇಕಾಗೋದು ಗ್ರಿಡ್ ನಿಜಕ್ಕೂ ಸಣ್ಣ ಆದಾಗ, ಇಲ್ಲಾ 2ಡಿ 3ಡಿಗೆ ಹೋದಾಗ. 2ಡಿಗೆ ಹೋದ್ರೆ, ಎರಡೂ ಕಡೆ ಒಂದೇ ಡಿಎಕ್ಸ್ ಇಟ್ಟರೂ, ಗಡಿ 0.5 ಅಲ್ಲ 0.25, ಇದನ್ನೂ ತಲೇಲಿಟ್ಕೋ.

ಗ್ರಾಫ್ ನುಣ್ಣಗೆ ಬಂತು ಅಂತ ಸುಮ್ನಾಗ್ಬೇಡ. ಕೊನೆಗೆ ಅದು 100ರಿಂದ 30ಕ್ಕೆ ಸರಳ ರೇಖೆ ಆಗ್ಬೇಕು, ನಡುವೆ 65. ಉತ್ತರನ ಸೈನ್ ಅಲೆಗಳ ಮೊತ್ತವಾಗಿ (ಫೂರಿಯೇ ಸೀರೀಸ್) ಬರೆದ್ರೆ, ಅದರಲ್ಲಿ ಅತಿ ನಿಧಾನದ ಪದ ಸುಮಾರು 37%ಗೆ ಇಳಿಯೋಕೆ ಬೇಕಾದ ಸಮಯ ಉದ್ದದ ವರ್ಗ / (ಪೈ² × ಆಲ್ಫಾ), ನಿಂದಕ್ಕೆ 261 ಸೆಕೆಂಡ್. ಫೂರಿಯೇ ಸೀರೀಸ್‌ನ ಆ ಒಂದೇ ಪದ ಇಟ್ರೆ 1200 ಸೆಕೆಂಡ್‌ಗೆ ನಡುಬಿಂದು 64.55 ಬರ್ಬೇಕು.

ಬೆಣ್ಣೆದೋಸೆ_ಮೆಕ್:
ಸರ್!! 64.55 ಬಂತು. ನಿನ್ನೆ ಹಳೇ ರನ್‌ನ ಲಾಗ್ ತೆಗ್ದು ನೋಡ್ದೆ, ನೀವು ಹೇಳಿದ ಆಸುಪಾಸಲ್ಲೇ ನ್ಯಾನ್ ಶುರುವಾಗಿದೆ. ಆ 165.8, −225 ಟೇಬಲ್ಲನ್ನೇ ಪಿಪಿಟಿಯಲ್ಲಿ ಒಂದು ಸ್ಲೈಡ್ ಮಾಡ್ತೀನಿ. ಗೈಡ್ "200 ಭಾಗ ಮಾಡು" ಅಂದ್ರೆ?

ಟ್ರೈಡಯಾಗನಲ್_ಅಕ್ಕ:
ಡಿಟಿ 0.03, 40 ಸಾವಿರ ಸ್ಟೆಪ್. ಅದೂ ನಡೆಯುತ್ತೆ. 1000 ಅಂದ್ರೆ ಆಗ ಬಾ, ಥಾಮಸ್ ಕೋಡ್ ಕೊಡ್ತೀನಿ.